ಆರ್‌ಎ: ನಮ್ಮದೇ ರಕ್ಷಣಾ ಕೋಶಗಳು ಕೀಲಿನಲ್ಲಿ ಏನ್ ಮಾಡ್ತವೆ, ಔಷಧಿ ಅವನ್ನ ಹೇಗೆ ತಡೆಯತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಆರ್‌ಎ ಅನ್ನೋ ಕೀಲು ಊತದ ರೋಗ, ಶುರುವಾಗಿ ಹನ್ನೊಂದು ವರ್ಷ ಆಯ್ತು. ಮೊದಲ ಒಂದೂವರೆ ವರ್ಷ ನೋವಿನ ಮಾತ್ರೆ, ಎಣ್ಣೆ, ಲೇಪ ಅಂತಲೇ ಕಳೆದೋಯ್ತು, ಅಷ್ಟರಲ್ಲಿ ಬಲಗೈಯ ಎರಡು ಬೆರಳು ಸೊಟ್ಟಗಾದ್ವು, ಅವು ಇವತ್ತಿಗೂ ಹಾಗೇ ಇವೆ. ನಾನು ಡಾಕ್ಟರ್ ಅಲ್ಲ, ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡೋಳು. ಓಪಿಡಿ ಹೊರಗೆ ಬೆಂಚಿನ ಮೇಲೆ ಪಕ್ಕ ಕೂತೋರು, ನೆಂಟರು, ಸ್ಟೂಡೆಂಟ್‌ಗಳ ಅಮ್ಮಂದಿರು, ಎಲ್ಲರೂ ಕೇಳೋದು ಹೆಚ್ಚೂಕಮ್ಮಿ ಇವೇ ಪ್ರಶ್ನೆಗಳು. ಯಾವ ಕೋಶ ಏನ್ ಮಾಡತ್ತೆ ಅಂತ ಗೊತ್ತಾದ್ರೆ ಈ ಔಷಧಿನ ಯಾಕೆ ಬಿಡಬಾರದು ಅನ್ನೋದು ತಾನಾಗೇ ಅರ್ಥ ಆಗತ್ತೆ, ಅದಕ್ಕೇ ಇಷ್ಟು ಉದ್ದ ಬರೆದಿದೀನಿ. ಡೋಸು, ಬದಲಾವಣೆ, ನಿಲ್ಲಿಸೋದು ಇವೆಲ್ಲ ನಿಮ್ಮ ಡಾಕ್ಟ್ರನ್ನ ಕೇಳಿಯೇ ಮಾಡಿ.

ಪ್ರಶ್ನೆ: ಇದು ವಯಸ್ಸಾದ್ಮೇಲೆ ಎಲ್ಲರಿಗೂ ಬರೋ ಮಂಡಿ ನೋವೇ ತಾನೆ?

ಅಲ್ಲ. ವಯಸ್ಸಿನ ಮಂಡಿ ನೋವು ಬೇರೆ, ಅದರಲ್ಲಿ ಕೀಲಿನ ಕಾರ್ಟಿಲೇಜ್ (ಮೂಳೆ ತುದಿಗೆ ಹೊದಿಕೆಯಾಗಿರೋ ನುಣುಪಾದ ಮೃದ್ವಸ್ಥಿ) ನಿಧಾನಕ್ಕೆ ಸವೆಯತ್ತೆ, ನಡೆದಷ್ಟೂ ನೋವು, ಕೂತ್ರೆ ಕಮ್ಮಿ. ಆರ್‌ಎ ಉಲ್ಟಾ. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಕ್ಕಾಗಲ್ಲ, ಕಾಫಿ ಲೋಟ ಹಿಡಿಯಕ್ಕಾಗಲ್ಲ, ಆ ಬಿಗಿತ ಅರ್ಧ ಗಂಟೆಯಿಂದ ಒಂದೆರಡು ಗಂಟೆವರೆಗೂ ಇರತ್ತೆ, ಕೆಲಸ ಮಾಡ್ತಾ ಮಾಡ್ತಾ ಸಡಿಲ ಆಗತ್ತೆ. ಹಿಡಿಯೋದು ಮೊದಲು ಕೈಬೆರಳಿನ ಗೆಣ್ಣು, ಮಣಿಕಟ್ಟು, ಕಾಲ್ಬೆರಳ ಬುಡ, ಅದೂ ಎರಡೂ ಕಡೆ. ಹೆಂಗಸರಿಗೆ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ದಿಲ್ಲಿ ಹತ್ತಿರದ ಹಳ್ಳಿಗಳಲ್ಲಿ ಸರ್ವೆ ಮಾಡಿ 1993ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ದೊಡ್ಡೋರಲ್ಲಿ ಶೇಕಡ 0.75 ಜನಕ್ಕೆ ಇತ್ತು. ಸಾವಿರ ದೊಡ್ಡೋರಿರೋ ಊರಲ್ಲಿ ಏಳೆಂಟು ಮಂದಿ ಅಂದ್ರೆ ಕಮ್ಮಿ ಏನಲ್ಲ, ಆದರೂ ಅವರಲ್ಲಿ ಎಷ್ಟೋ ಜನ "ವಾತ" ಅಂತ ಅಂದುಕೊಂಡು ಸುಮ್ಮನೆ ಸಹಿಸ್ಕೊಂಡಿರ್ತಾರೆ.

ಪ್ರಶ್ನೆ: ಇಮ್ಯುನಿಟಿ ಕಮ್ಮಿ ಆಗಿ ಬರತ್ತಾ? ಇಮ್ಯುನಿಟಿ ಜಾಸ್ತಿ ಮಾಡೋ ಕಷಾಯ ಕುಡಿದ್ರೆ?

ಇಮ್ಯುನಿಟಿ ಕಮ್ಮಿ ಆಗಿ ಅಲ್ಲ, ದಾರಿ ತಪ್ಪಿ. ಬೇಲಿಯೇ ಎದ್ದು ಹೊಲ ಮೇಯ್ದಂಗೆ ಅಂತಾರಲ್ಲ, ಅಕ್ಷರಶಃ ಅದೇ. ವೈರಸ್ಸು ಬ್ಯಾಕ್ಟೀರಿಯಾ ಮೇಲೆ ಹೋಗಬೇಕಾದ ಕೋಶಗಳು ನಮ್ಮದೇ ಕೀಲಿನ ಒಳಪೊರೆ ಮೇಲೆ ಬೀಳ್ತವೆ. ಹಂಗಾಗಿ "ಇಮ್ಯುನಿಟಿ ಬೂಸ್ಟರ್" ಅಂತ ಮಾರೋದನ್ನ ನೋಡಿದಾಗ ನನಗೆ ನಿಜವಾಗ್ಲೂ ಬೇಜಾರಾಗತ್ತೆ, ಆರ್‌ಎ ಇರೋರಿಗೆ ಬೇಕಾಗಿರೋದು ಬೂಸ್ಟ್ ಅಲ್ಲವೇ ಅಲ್ಲ.

ನಮ್ಮ ದೇಹದಲ್ಲಿ ಇಂಥ ದಾರಿ ತಪ್ಪಿದ ಕೋಶಗಳನ್ನ ಸುಮ್ಮನಿರಿಸೋಕೆ ಅಂತಲೇ ಇನ್ನೊಂದು ಜಾತಿ ಟಿ ಕೋಶ (ರಕ್ಷಣಾ ಕೆಲಸದ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ) ಇದೆ, ರೆಗ್ಯುಲೇಟರಿ ಟಿ ಕೋಶ ಅಂತ. ಅದನ್ನ ಕಂಡುಹಿಡಿದ ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮೂವರಿಗೂ 2025ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಆರ್‌ಎ ಇರೋರ ಕೀಲಿನಲ್ಲಿ ಈ ಕೋಶಗಳು ಇರ್ತವೆ, ಆದ್ರೆ ಸುತ್ತಲಿನ ಉರಿಯೂತದ ಗದ್ದಲದಲ್ಲಿ ಅವುಗಳ ಮಾತು ಯಾರೂ ಕೇಳಲ್ಲ.

ಪ್ರಶ್ನೆ: ಕೀಲೊಳಗೆ ಯಾವ್ಯಾವ ಕೋಶ ಇರ್ತವೆ, ಒಂದೊಂದೂ ಏನ್ ಮಾಡತ್ತೆ?

ನಮ್ಮ ಕೀಲಿನ ಒಳಗೋಡೆಗೆ ಒಂದು ತೆಳು ಪೊರೆ ಇರತ್ತೆ, ಸೈನೋವಿಯಂ ಅಂತ, ಆರೋಗ್ಯವಾಗಿದ್ದಾಗ ಅದರ ಮೇಲ್ಪದರ ಒಂದೆರಡು ಕೋಶದಷ್ಟೇ ದಪ್ಪ. ಕೀಲು ಜಾರೋಕೆ ಬೇಕಾದ ಎಣ್ಣೆಯಂಥ ದ್ರವ ಅಲ್ಲಿಂದಲೇ ಬರೋದು. ಆರ್‌ಎ ಬಂದಾಗ ಆ ಪದರ ಹತ್ತು ಕೋಶ, ಇನ್ನೂ ಜಾಸ್ತಿ ದಪ್ಪ ಆಗಿ, ಹೊಸ ರಕ್ತನಾಳ ಬೆಳೆಸ್ಕೊಂಡು, ಪಕ್ಕದ ಕಾರ್ಟಿಲೇಜ್ ಮೇಲೆ ಹಬ್ಬತ್ತೆ. ಮುಟ್ಟಿದ್ರೆ ಮೆತ್ತಗೆ ಹಿಟ್ಟಿನ ಥರ ಸಿಗೋ ಊತ ಅದೇ.

ಮೊದಲು ಟಿ ಕೋಶ. ಡೆಂಡ್ರಿಟಿಕ್ ಕೋಶ ಅನ್ನೋದೊಂದು ಇದೆ, ಅದು ಪ್ರೋಟೀನ್ ಚೂರನ್ನ ಎತ್ತಿ ತೋರಿಸತ್ತೆ, "ಇದು ಶತ್ರು" ಅಂತ ಟಿ ಕೋಶ ತಪ್ಪು ತಿಳ್ಕೊಳತ್ತೆ. ಸಂಖ್ಯೆಯಲ್ಲಿ ಸ್ವಲ್ಪವೇ ಇದ್ರೂ ಸಾಕು, ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು ಬಿದ್ದಂಗೆ ಸುತ್ತ ಇರೋ ಕೋಶಗಳನ್ನೆಲ್ಲ ಅದು ಬದಲಾಯಿಸಿಬಿಡತ್ತೆ. 2017ರಲ್ಲಿ ಆರ್‌ಎ ಕೀಲುಗಳಲ್ಲೇ ಒಂದು ವಿಶೇಷ ಟಿ ಕೋಶ ಸಿಕ್ತು, ಪೆರಿಫೆರಲ್ ಹೆಲ್ಪರ್ ಅಂತ ಹೆಸರು, ಅದರ ಕೆಲಸ ಬಿ ಕೋಶ ಅನ್ನೋ ಇನ್ನೊಂದು ಬಗೆ ರಕ್ಷಣಾ ಕೋಶಗಳನ್ನ ಕೀಲಿಗೇ ಕರೆಸಿ ಅಲ್ಲೇ ಆಂಟಿಬಾಡಿ (ಶತ್ರುವಿಗೆ ಅಂಟ್ಕೊಳ್ಳೋ ಪ್ರೋಟೀನ್) ತಯಾರಿಸೋ ಹಂಗೆ ಮಾಡೋದು.

ಬಿ ಕೋಶ ಬೆಳೆದು ಪ್ಲಾಸ್ಮಾ ಕೋಶ ಆಗತ್ತೆ, ಅದು ಆಂಟಿಬಾಡಿ ಸುರಿಸತ್ತೆ, ರಕ್ತದ ಟೆಸ್ಟಲ್ಲಿ ಕಾಣೋ ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ ಸಿಸಿಪಿ ಇವೇ. ಇವು ಗುಂಪುಗುಂಪಾಗಿ ಅಂಟ್ಕೊಂಡು ಮ್ಯಾಕ್ರೊಫೇಜ್ ಅನ್ನೋ ಕೋಶಗಳನ್ನ ಕೆರಳಿಸ್ತವೆ. ಮ್ಯಾಕ್ರೊಫೇಜ್ ಸಾಮಾನ್ಯವಾಗಿ ಕಸ ಗುಡಿಸೋ ಕೋಶ, ಸತ್ತ ಕೋಶ, ಕ್ರಿಮಿ ಎಲ್ಲ ನುಂಗತ್ತೆ, ಆದರೆ ಕೆರಳಿದಾಗ ಟಿಎನ್‌ಎಫ್, ಐಎಲ್-6, ಐಎಲ್-1 ಅನ್ನೋ ಸಂದೇಶದ ಪ್ರೋಟೀನ್‌ಗಳನ್ನ ಸುರಿಸ್ತಾ ಹೋಗತ್ತೆ. ಊತ, ನೋವು, ಬಿಸಿ, ಜ್ವರ ಬಂದಂಗೆ ಆಗೋದು, ಇವೆಲ್ಲದರ ಹಿಂದೆ ಈ ಸೈಟೋಕೈನ್‌ಗಳೇ ಇರೋದು.

ನ್ಯೂಟ್ರೋಫಿಲ್ ಇನ್ನೊಂದು. ಊದಿದ ಮಂಡಿಯಿಂದ ಸೂಜಿ ಹಾಕಿ ನೀರು ತೆಗೀತಾರಲ್ಲ, ಅದರಲ್ಲಿ ಬಹುಪಾಲು ಇರೋದು ಈ ಕೋಶಗಳೇ. ಆಯಸ್ಸು ಕಮ್ಮಿ, ಆದ್ರೆ ಸಾಯೋವಾಗ ಕೆಲವು ತಮ್ಮ ಡಿಎನ್‌ಎಯನ್ನೇ ಬಲೆ ಥರ ಹೊರಗೆ ಎಸೀತವೆ, ಆ ಬಲೆಯಲ್ಲಿ ಸಿಟ್ರುಲಿನ್ ಆದ ಪ್ರೋಟೀನ್‌ಗಳು ಇರ್ತವೆ (ಅದೇನು ಅಂತ ಮುಂದಿನ ಪ್ರಶ್ನೆಯಲ್ಲಿ ಹೇಳ್ತೀನಿ), ಬೆಂಕಿಗೆ ಇನ್ನಷ್ಟು ಸೌದೆ.

ಇನ್ನು ಫೈಬ್ರೊಬ್ಲಾಸ್ಟ್. ಇದು ರಕ್ಷಣಾ ಕೋಶ ಅಲ್ಲ, ಪೊರೆಯ ಸ್ವಂತ ಕೋಶ. ಆದ್ರೆ ಸೈಟೋಕೈನ್ ಮಳೆಯಲ್ಲಿ ನೆನೆದೂ ನೆನೆದೂ ಸ್ವಭಾವವೇ ಬದಲಾಗತ್ತೆ, ಕಾರ್ಟಿಲೇಜ್ ಕರಗಿಸೋ ಎನ್‌ಜೈಮ್ ಬಿಡತ್ತೆ. ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಇವು ಒಂದು ಕಡೆ ಇಟ್ಟ ಕಾರ್ಟಿಲೇಜಿಂದ ರಕ್ತದ ಮೂಲಕ ಇನ್ನೊಂದು ಕಡೆಗೆ ಹೋಗಿ ಅಲ್ಲೂ ಕೊರೆದಿದ್ವು. ಈಗಿರೋ ಔಷಧಿಗಳಲ್ಲಿ ನೇರವಾಗಿ ಈ ಕೋಶಕ್ಕೇ ಅಂತ ಗುರಿ ಇಟ್ಟಿದ್ದು ಒಂದೂ ಇಲ್ಲ, ಎಷ್ಟೋ ಜನಕ್ಕೆ ಎಲ್ಲ ಔಷಧಿ ಕೊಟ್ಟರೂ ಸ್ವಲ್ಪ ಊತ ಉಳಿದೇ ಉಳಿಯೋಕೆ ಇದೂ ಒಂದು ಕಾರಣ ಅಂತ ಸಂಶೋಧಕರ ಅನುಮಾನ.

ಕೊನೆಗೆ ಆಸ್ಟಿಯೊಕ್ಲಾಸ್ಟ್, ಮೂಳೆ ತಿನ್ನೋ ಕೋಶ. ಇದೂ ಮ್ಯಾಕ್ರೊಫೇಜ್ ವಂಶದ್ದೇ. ಮೂಳೆ ಅನ್ನೋದು ದಿನಾ ಸ್ವಲ್ಪ ಕೆಡವಿ ದಿನಾ ಸ್ವಲ್ಪ ಕಟ್ಟೋ ಮನೆ. ಆರ್‌ಎಯಲ್ಲಿ ಕೆಡವೋರು ದಂಡಿಯಾಗಿ ಬರ್ತಾರೆ, ಕಟ್ಟೋರು ಬರಲ್ಲ. ಎಕ್ಸ್‌ರೇಯಲ್ಲಿ "ಎರೋಷನ್" ಅಂತ ಬರೆದಿರ್ತಾರಲ್ಲ, ಇದು ತಿಂದು ಮಾಡಿದ ಗುಳಿ ಅದು. ಅಮ್ಮನ ಮೊದಲ ಎಕ್ಸ್‌ರೇಯಲ್ಲೇ ಅದು ಇತ್ತು. ಒಂದು ಸಲ ಆದ ಗುಳಿ ಸಾಮಾನ್ಯವಾಗಿ ತುಂಬಲ್ಲ, ಅದಕ್ಕೇ ನಾನು ಎಲ್ಲರಿಗೂ ಬೇಗ ಹೋಗಿ, ಬೇಗ ಹೋಗಿ ಅಂತ ಗಂಟು ಬೀಳೋದು.

ಪ್ರಶ್ನೆ: ಈ ಜಗಳ ಶುರುವಾಗೋದು ಎಲ್ಲಿಂದ?

ಆಶ್ಚರ್ಯ ಅಂದ್ರೆ ಬಹುಶಃ ಕೀಲಿನಿಂದ ಅಲ್ಲ, ಶ್ವಾಸಕೋಶ, ಒಸಡು, ಕರುಳು ಇಂಥ ಕಡೆಯಿಂದ. ನಮ್ಮ ಪ್ರೋಟೀನ್‌ಗಳಲ್ಲಿ ಆರ್ಜಿನಿನ್ ಅನ್ನೋ ಅಮೈನೋ ಆಮ್ಲ ಇರತ್ತೆ, ಪ್ಯಾಡ್ ಅನ್ನೋ ಎನ್‌ಜೈಮ್ ಅದನ್ನ ಸಿಟ್ರುಲಿನ್ ಆಗಿ ಬದಲಾಯಿಸತ್ತೆ, ಆಗ ಪ್ರೋಟೀನಿನ ಮುಖಚಹರೆಯೇ ಬದಲಾಗಿ ರಕ್ಷಣಾ ಕೋಶಕ್ಕೆ ಅಪರಿಚಿತವಾಗಿ ಕಾಣತ್ತೆ. ಬೀಡಿ ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ಇದನ್ನ ಜಾಸ್ತಿ ಮಾಡತ್ತೆ. ಒಸಡಿನ ರೋಗ ತರೋ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ತನ್ನದೇ ಇಂಥ ಎನ್‌ಜೈಮ್ ಇದೆ. ಎಲ್ಲರಿಗೂ ಇದು ರೋಗ ತರಲ್ಲ, ಎಚ್‌ಎಲ್‌ಎ ಡಿಆರ್‌ಬಿ1 ಅನ್ನೋ ಜೀನಿನ ಕೆಲವು ರೂಪ ಇರೋರಿಗೆ ಅಪಾಯ ಹೆಚ್ಚು, ಯಾಕಂದ್ರೆ ಟಿ ಕೋಶಕ್ಕೆ ಚೂರು ಎತ್ತಿ ತೋರಿಸೋ ತಟ್ಟೆ ಆ ಜೀನಿಂದಲೇ ಆಗೋದು. ಜೀನ್ ಇದ್ದು ಜತೆಗೆ ಸಿಗರೇಟೂ ಸೇದೋರಿಗೆ ಎರಡೂ ಸೇರಿ ಅಪಾಯ ತುಂಬಾ ಏರತ್ತೆ.

ನೆದರ್ಲೆಂಡ್ಸ್‌ನಲ್ಲಿ ರಕ್ತದಾನಿಗಳ ಹಳೇ ಸ್ಯಾಂಪಲ್ ತೆಗೆದು ನೋಡಿದಾಗ (2004ರ ವರದಿ) ಮುಂದೆ ಆರ್‌ಎ ಬಂದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ನೋವು ಶುರುವಾಗೋಕ್ಕಿಂತ ವರ್ಷಗಳ ಮುಂಚೆಯೇ ಆರ್‌ಎ ಫ್ಯಾಕ್ಟರ್ ಅಥವಾ ಆಂಟಿ ಸಿಸಿಪಿ ಆಂಟಿಬಾಡಿಗಳು ರಕ್ತದಲ್ಲಿದ್ವು. ಅಂದ್ರೆ ಬೆರಳು ಊದೋ ದಿನ ಶುರುವಾದ ರೋಗ ಅಲ್ಲ ಇದು.

ಪ್ರಶ್ನೆ: ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದಿದೆ, ಹಂಗಾದ್ರೆ ಆರ್‌ಎ ಇಲ್ಲ ಅಂತಲೇ?

ಹಾಗೆ ಹೇಳಕ್ಕಾಗಲ್ಲ. ಆರ್‌ಎ ಇರೋರಲ್ಲಿ ಸುಮಾರು ಐದರಲ್ಲಿ ಒಬ್ಬರಿಗಾದ್ರೂ ಎರಡೂ ಆಂಟಿಬಾಡಿ ನೆಗೆಟಿವ್ ಬರತ್ತೆ. ಉಲ್ಟಾನೂ ಆಗತ್ತೆ, ವಯಸ್ಸಾದೋರಿಗೆ, ಹೆಪಟೈಟಿಸ್ ಸಿ ಇರೋರಿಗೆ, ಟಿಬಿ ಇರೋರಿಗೆ ರೋಗ ಇಲ್ಲದೇನೂ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರಬಹುದು. ಆಂಟಿ ಸಿಸಿಪಿ ಹೆಚ್ಚು ನಂಬಿಕಸ್ತ, ಅದು ಪಾಸಿಟಿವ್ ಆಗಿ ಗೆಣ್ಣೂ ಊದಿದ್ರೆ ಅನುಮಾನಕ್ಕೆ ಜಾಗ ಕಮ್ಮಿ. ಲ್ಯಾಬಿಗೆ ನೀವೇ ಹೋಗಿ ಪ್ಯಾಕೇಜ್ ಟೆಸ್ಟ್ ಮಾಡಿಸಿ ಕಾಗದ ನೋಡಿ ಹೆದರೋದು ಬೇಡ, ಕೀಲು ಮುಟ್ಟಿ ನೋಡೋ ಡಾಕ್ಟ್ರು ಬೇಕು.

ಪ್ರಶ್ನೆ: ಚಿಕನ್‌ಗುನ್ಯಾ ಆದ್ಮೇಲೆ ಕೀಲು ನೋವು ಹೋಗೇ ಇಲ್ಲ. ಇದು ಆರ್‌ಎನಾ?

ನಮ್ಮ ಕಡೆ ಇದು ನಿಜವಾದ ಗೊಂದಲ. 2006ರಲ್ಲಿ ಕರ್ನಾಟಕದಲ್ಲಿ ಲಕ್ಷಾಂತರ ಜನಕ್ಕೆ ಚಿಕನ್‌ಗುನ್ಯಾ ಬಂತು, ಊರಿಗೆ ಊರೇ ಕುಂಟ್ತಾ ಇದ್ದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ವೈರಸ್ ಹೋದ್ಮೇಲೂ ಕೆಲವರ ಕೀಲಿನಲ್ಲಿ ಮ್ಯಾಕ್ರೊಫೇಜ್, ಟಿ ಕೋಶ ಕೆರಳಿದಂಗೇ ಇರ್ತವೆ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಲಕ್ಷಣ ನೋಡೋಕೆ ಆರ್‌ಎ ಥರಾನೇ. ಜ್ವರ ಬಂದು ಶುರುವಾಗಿತ್ತಾ, ಆಂಟಿ ಸಿಸಿಪಿ ಏನು, ಎಕ್ಸ್‌ರೇಯಲ್ಲಿ ಮೂಳೆ ಗುಳಿ ಇದೆಯಾ, ಇವೆಲ್ಲ ನೋಡಿ ಹೇಳ್ತಾರೆ. ಮೂರು ತಿಂಗಳಾದ್ರೂ ಊತ ಇಳಿದಿಲ್ಲ ಅಂದ್ರೆ "ಗುನ್ಯಾ ನೋವು, ಹೋಗತ್ತೆ ಬಿಡು" ಅಂತ ಕೂರಬೇಡಿ.

ಪ್ರಶ್ನೆ: ಕೀಲು ರೋಗಕ್ಕೂ ಈ ಸುಸ್ತಿಗೂ ರಕ್ತ ಕಮ್ಮಿ ಆಗೋಕೂ ಏನ್ ಸಂಬಂಧ?

ಐಎಲ್-6 ರಕ್ತದಲ್ಲಿ ಮೈಯೆಲ್ಲ ಸುತ್ತತ್ತೆ. ಲಿವರಿಗೆ ಹೋಗಿ ಸಿಆರ್‌ಪಿ (ಉರಿಯೂತ ಎಷ್ಟಿದೆ ಅಂತ ರಕ್ತದ ಟೆಸ್ಟಲ್ಲಿ ನೋಡೋ ಪ್ರೋಟೀನ್) ತಯಾರಿಸು ಅನ್ನತ್ತೆ, ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನೂ ಏರಿಸತ್ತೆ. ಹೆಪ್ಸಿಡಿನ್ ಏರಿದ್ರೆ ಕಬ್ಬಿಣ ಇದ್ರೂ ದೇಹ ಅದನ್ನ ಬೀಗ ಹಾಕಿ ಇಟ್ಕೊಳತ್ತೆ, ರಕ್ತ ತಯಾರಿಗೆ ಬಿಡಲ್ಲ. ಅದಕ್ಕೇ ಎಷ್ಟೋ ಜನಕ್ಕೆ ಐರನ್ ಮಾತ್ರೆ ನುಂಗಿ ನುಂಗಿ ಹಿಮೋಗ್ಲೋಬಿನ್ ಏರಿರಲ್ಲ, ಆರ್‌ಎ ಹತೋಟಿಗೆ ಬಂದ್ಮೇಲೆ ತಾನಾಗೇ ಏರತ್ತೆ. ಅಮ್ಮ ಮಧ್ಯಾಹ್ನ ಮೂರಕ್ಕೇ ಮಲಗಿಬಿಡ್ತಿದ್ಲು, ಮನೇಲಿ ಕೆಲವರು ಸೋಮಾರಿತನ ಅಂದಿದ್ದೂ ಉಂಟು, ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ. ಇದೇ ಉರಿಯೂತ ಹೃದಯದ ರಕ್ತನಾಳಕ್ಕೂ ಕೆಟ್ಟದ್ದು. ಶ್ವಾಸಕೋಶಕ್ಕೂ ಹೋಗಬಹುದು, ಒಣ ಕೆಮ್ಮು, ಮೆಟ್ಟಿಲು ಹತ್ತಿದ್ರೆ ಏದುಸಿರು ಬಂದ್ರೆ ಹೇಳಲೇಬೇಕು.

ಪ್ರಶ್ನೆ: ಮೆಥೋಟ್ರೆಕ್ಸೇಟ್ ಕ್ಯಾನ್ಸರ್ ಔಷಧಿ ಅಂತೆ, ಕೀಲಿಗೆ ಯಾಕೆ ಕೊಡ್ತಾರೆ?

ಅತಿ ಹೆಚ್ಚು ಕೇಳೋ ಪ್ರಶ್ನೆ ಇದು, ಅತಿ ಹೆಚ್ಚು ಜನ ಔಷಧಿ ಬಿಡೋ ಕಾರಣಾನೂ ಇದೇ. ಇದರ ಹಿಂದೆ ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇದಾರೆ, ಅಮೆರಿಕದ ಲೆಡರ್ಲಿ ಲ್ಯಾಬಲ್ಲಿ ಅವರ ತಂಡ ಫೋಲಿಕ್ ಆಸಿಡ್‌ಗೆ ಅಡ್ಡ ಬರೋ ಔಷಧಿಗಳನ್ನ ಮಾಡಿತು, ಮೊದಲು ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಸಿದ್ರು. 1951ರಲ್ಲೇ ಅದೇ ಕುಟುಂಬದ ಅಮಿನಾಪ್ಟೆರಿನ್ ಅನ್ನ ಕೀಲು ರೋಗಕ್ಕೆ ಕೊಟ್ಟು ನೋಡಿದ್ರು, ಆಮೇಲೆ ಸ್ಟೀರಾಯ್ಡ್ ಅಬ್ಬರದಲ್ಲಿ ಅದು ಮೂಲೆ ಸೇರ್ತು, ಅಮೆರಿಕದಲ್ಲಿ ಆರ್‌ಎಗೆ ಮೆಥೋಟ್ರೆಕ್ಸೇಟ್‌ಗೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ.

ಕ್ಯಾನ್ಸರಿಗೆ ಕೊಡೋ ಪ್ರಮಾಣ ಬೇರೆ, ಗ್ರಾಂ ಲೆಕ್ಕದವರೆಗೂ ಹೋಗತ್ತೆ. ಆರ್‌ಎಗೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಇಷ್ಟು ಸಣ್ಣ ಪ್ರಮಾಣದಲ್ಲಿ ಅದು ಕೋಶ ಕೊಲ್ಲೋದಕ್ಕಿಂತ ಹೆಚ್ಚಾಗಿ ಕೋಶಗಳ ಹೊರಗೆ ಅಡಿನೊಸಿನ್ ಅನ್ನೋ ವಸ್ತುವನ್ನ ಹೆಚ್ಚಿಸತ್ತೆ, ಅದು ಟಿ ಕೋಶ, ಮ್ಯಾಕ್ರೊಫೇಜ್, ನ್ಯೂಟ್ರೋಫಿಲ್ ಎಲ್ಲಕ್ಕೂ "ಸಾಕು, ಶಾಂತ ಆಗು" ಅನ್ನೋ ಸಂದೇಶ. ಕೆಲಸ ಗೊತ್ತಾಗೋಕೆ ಆರರಿಂದ ಹನ್ನೆರಡು ವಾರ ಬೇಕು, ಎರಡು ವಾರಕ್ಕೆ ಏನೂ ಆಗಿಲ್ಲ ಅಂತ ಬಿಡಬಾರದು.

ದಯವಿಟ್ಟು ಇದೊಂದು ನೆನಪಿಡಿ: ವಾರಕ್ಕೆ ಒಂದೇ ದಿನ. ಪ್ರತಿದಿನ ಅಲ್ಲ. ತಪ್ಪಿ ದಿನಾ ತಗೊಂಡು ಬಾಯಿಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಬಂದಿರೋದಿದೆ. ನಮ್ಮನೇಲಿ ಭಾನುವಾರ ಅಂತ ಕ್ಯಾಲೆಂಡರಲ್ಲಿ ಕೆಂಪು ಸುತ್ತು ಹಾಕಿ ಇಟ್ಟಿದೀವಿ, ಮಾತ್ರೆ ಡಬ್ಬಿ ಬೇರೇನೇ. ಫೋಲಿಕ್ ಆಸಿಡ್ ಬೇರೆ ದಿನ. ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಕಿಡ್ನಿ ಟೆಸ್ಟು. ಕುಡಿಯೋ ಅಭ್ಯಾಸ ಇದ್ರೆ ಡಾಕ್ಟ್ರಿಗೆ ಮುಚ್ಚಿಡಬೇಡಿ.

ಪ್ರಶ್ನೆ: ಎಚ್‌ಸಿಕ್ಯೂ, ಸಲ್ಫಾಸಲಜಿನ್, ಲೆಫ್ಲುನೊಮೈಡ್?

ಎಚ್‌ಸಿಕ್ಯೂ ಅಂದ್ರೆ ಮಲೇರಿಯಾದ ಹೈಡ್ರಾಕ್ಸಿಕ್ಲೋರೊಕ್ವಿನ್, ಕೋಶದೊಳಗಿನ ಚೀಲಗಳ ಆಮ್ಲತೆ ಬದಲಾಯಿಸಿ ಅಲಾರಂ ಹೊಡೆಯೋದನ್ನ ತಗ್ಗಿಸತ್ತೆ, ಮೆದುವಾದ ಔಷಧಿ, ಕಣ್ಣಿನ ಪರೀಕ್ಷೆ ಶುರುವಲ್ಲಿ ಒಮ್ಮೆ, ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ. ಲೆಫ್ಲುನೊಮೈಡ್ ಟಿ ಕೋಶ ವೇಗವಾಗಿ ಮರಿ ಹಾಕೋಕೆ ಬೇಕಾದ ಕಚ್ಚಾವಸ್ತು ಕಟ್ ಮಾಡತ್ತೆ. ಸಲ್ಫಾಸಲಜಿನ್ ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ ಅನ್ನೋ ಡಾಕ್ಟರಮ್ಮ ಮುಂದೆ ತಂದಿದ್ದು, ಈಗಲೂ ಕೊಡ್ತಾರೆ.

ಪ್ರಶ್ನೆ: ಸ್ಟೀರಾಯ್ಡ್ ತಗೊಂಡ್ರೆ ಎರಡೇ ದಿನಕ್ಕೆ ಆರಾಮ ಆಗತ್ತೆ. ಅದನ್ನೇ ತಗೋಬಾರದಾ?

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮೊದಲ ಸಲ ಆರ್‌ಎ ಇದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಾಗ ಹಾಸಿಗೆ ಹಿಡಿದಿದ್ದವರು ಕೆಲವೇ ದಿನಕ್ಕೆ ಎದ್ದು ನಡೆದ್ರು. ಎರಡೇ ವರ್ಷಕ್ಕೆ ನೊಬೆಲ್. ಆಮೇಲೆ ಗೊತ್ತಾಯ್ತು ಬೆಲೆ ಎಷ್ಟು ಅಂತ. ಸ್ಟೀರಾಯ್ಡ್ ಒಂದು ಕೋಶ ನೋಡಿ ಹೊಡೆಯಲ್ಲ, ಮೈಯಲ್ಲಿರೋ ಹೆಚ್ಚೂಕಮ್ಮಿ ಎಲ್ಲ ಕೋಶಕ್ಕೂ ತಲುಪತ್ತೆ, ಊರಿಡೀ ಕರೆಂಟ್ ತೆಗೆದಂಗೆ. ದೀರ್ಘಕಾಲ ತಗೊಂಡ್ರೆ ಮೂಳೆ ಟೊಳ್ಳು, ಶುಗರ್ರು, ಕಣ್ಣಿನ ಪೊರೆ, ಸೋಂಕು. ಉಳಿದ ಔಷಧಿ ಹಿಡಿಯೋವರೆಗೂ ಸೇತುವೆ ಥರ ಸ್ವಲ್ಪ ವಾರ ಕೊಡ್ತಾರೆ, ಅದು ಸರಿ. ತಿಂಗಳುಗಟ್ಟಲೆ ತಗೊಂಡಿದ್ರೆ ದಿಢೀರ್ ಅಂತ ನಿಲ್ಲಿಸಲೂಬಾರದು, ಅಡ್ರಿನಲ್ ಗ್ರಂಥಿ ನಿದ್ದೆಗೆ ಹೋಗಿರತ್ತೆ.

ಇನ್ನೊಂದು ಮಾತು, ಹೆಸರಿಲ್ಲದ ಪೊಟ್ಟಣದಲ್ಲಿ "ವಾತದ ಪುಡಿ" ಅಂತ ಕೊಟ್ಟಿದ್ದು ಎರಡೇ ದಿನಕ್ಕೆ ಮ್ಯಾಜಿಕ್ ಮಾಡಿದ್ರೆ ಅನುಮಾನ ಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ಲ್ಯಾಬ್ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಅಮ್ಮನೂ ಐದು ತಿಂಗಳು ಇಂಥದ್ದೊಂದು ತಿಂದಿದ್ಲು, ಮುಖ ದುಂಡಗೆ ಊದಿತ್ತು, ನಾವೆಲ್ಲ ಮೈ ಕೈ ತುಂಬ್ಕೊಂಡ್ಲು ಅಂತ ಖುಷಿಪಟ್ವಿ.

ಪ್ರಶ್ನೆ: ಬಯೋಲಾಜಿಕ್ ಇಂಜೆಕ್ಷನ್ ಅಂದ್ರೇನು? ಅಷ್ಟೊಂದು ಹೆಸರು ಯಾಕೆ?

ಇವು ಜೀವಕೋಶಗಳಲ್ಲಿ ಬೆಳೆಸಿ ತೆಗೆಯೋ ಪ್ರೋಟೀನ್‌ಗಳು, ಒಂದೊಂದೂ ಒಂದೇ ಗುರಿಗೆ. ಮೊದಲು ಬಂದಿದ್ದು ಟಿಎನ್‌ಎಫ್ ತಡೆಯೋವು. ಲಂಡನ್ನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ ಆರ್‌ಎ ಕೀಲಿನ ಕೋಶಗಳನ್ನ ಗಾಜಿನ ತಟ್ಟೆಯಲ್ಲಿ ಬೆಳೆಸಿ, ಟಿಎನ್‌ಎಫ್ ಒಂದನ್ನ ತಡೆದು ನೋಡಿದ್ರು, ಅಚ್ಚರಿ ಅಂದ್ರೆ ಉಳಿದ ಸೈಟೋಕೈನ್‌ಗಳೂ ಇಳಿದ್ವು. ಅಷ್ಟೊಂದು ಸೈಟೋಕೈನ್ ಇರೋವಾಗ ಒಂದನ್ನ ತಡೆದು ಏನು ಪ್ರಯೋಜನ ಅಂತ ಆಗ ಬಹಳ ಜನ ನಂಬಿರಲಿಲ್ಲ. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗಳಿಗೆ ಕೊಟ್ರು. ಅದೇ ಇನ್‌ಫ್ಲಿಕ್ಸಿಮ್ಯಾಬ್. ಎಟನರ್ಸೆಪ್ಟ್, ಅಡಲಿಮ್ಯುಮ್ಯಾಬ್ ಇದೇ ಗುಂಪಿನವು. ಅಡಲಿಮ್ಯುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ (ಬೇರೆ ಕಂಪನಿ ಮಾಡೋ, ಮೂಲದ ಥರದ್ದೇ ಔಷಧಿ) ಬಂದಿದ್ದು ನಮ್ಮ ದೇಶದಲ್ಲೇ, 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಜೈಡಸ್‌ನಿಂದ, ಆಮೇಲೆ ಬೆಲೆ ಬಹಳ ಇಳೀತು. ಆದರೂ ಸಾಮಾನ್ಯ ಮನೆಗೆ ಭಾರವೇ.

ರಿಟುಕ್ಸಿಮ್ಯಾಬ್ ಬಿ ಕೋಶದ ಮೇಲಿನ ಸಿಡಿ20 ಗುರುತು ಹಿಡಿದು ಅವನ್ನ ಖಾಲಿ ಮಾಡತ್ತೆ, ಹದಿನೈದು ದಿನದ ಅಂತರದಲ್ಲಿ ಎರಡು ಡ್ರಿಪ್. ಪ್ಲಾಸ್ಮಾ ಕೋಶಕ್ಕೆ ಆ ಗುರುತು ಇರಲ್ಲ, ಹಂಗಾಗಿ ಅದು ಉಳಿಯತ್ತೆ, ಆದರೂ ರೋಗ ಇಳಿಯತ್ತೆ. ಇದರಿಂದ ಒಂದು ಪಾಠ ಸಿಕ್ತು, ಬಿ ಕೋಶ ಆಂಟಿಬಾಡಿ ಮಾಡೋದಷ್ಟೇ ಅಲ್ಲ, ಟಿ ಕೋಶಕ್ಕೆ ಚೂರು ತೋರಿಸಿ ಕೆರಳಿಸ್ತಾನೂ ಇರತ್ತೆ ಅಂತ. ಅಬಟಾಸೆಪ್ಟ್ ಟಿ ಕೋಶಕ್ಕೆ. ಟಿ ಕೋಶ ಕೆರಳೋಕೆ ಎರಡು ಕೀಲಿಕೈ ಬೇಕು, ಇದು ಎರಡನೇದನ್ನ ತಡೆಹಿಡಿಯತ್ತೆ, ಕೋಶವನ್ನ ಕೊಲ್ಲಲ್ಲ. ಹಿಂದೆ 1990ರ ದಶಕದಲ್ಲಿ ಸಿಡಿ4 ಅನ್ನೋ ಗುರುತಿರೋ ಟಿ ಕೋಶಗಳನ್ನೇ ಅಳಿಸಿಹಾಕೋ ಔಷಧಿ ಕೊಟ್ಟು ನೋಡಿದ್ರು, ಫಲ ಸಿಗಲಿಲ್ಲ. ಕೊಲ್ಲೋದಕ್ಕಿಂತ ಸಮಾಧಾನ ಮಾಡೋದೇ ಕೆಲಸ ಮಾಡಿದ್ದು ನನಗೆ ಯಾವಾಗಲೂ ಕುತೂಹಲದ ವಿಷಯ.

ಟೊಸಿಲಿಜುಮ್ಯಾಬ್ ಐಎಲ್-6ನ ಬಾಗಿಲು ಮುಚ್ಚತ್ತೆ, ಜಪಾನಿನ ಒಸಾಕಾದಲ್ಲಿ ತದಮಿತ್ಸು ಕಿಶಿಮೊಟೊ ಅವರ ಕೆಲಸದಿಂದ ಬಂದಿದ್ದು. ಒಂದು ಎಚ್ಚರ, ಇದನ್ನ ತಗೊಳ್ಳೋರಿಗೆ ಲಿವರು ಸಿಆರ್‌ಪಿ ತಯಾರಿಸೋದೇ ನಿಲ್ಲಿಸಿರತ್ತೆ, ಒಳಗೆ ಗಂಭೀರ ಸೋಂಕು ಇದ್ರೂ ಸಿಆರ್‌ಪಿ ನಾರ್ಮಲ್ ಬರಬಹುದು, ಜ್ವರಾನೂ ಸರಿಯಾಗಿ ಬರದೇ ಇರಬಹುದು. ಬೇರೆ ಡಾಕ್ಟ್ರ ಹತ್ರ ಹೋದಾಗ ಈ ಇಂಜೆಕ್ಷನ್ ಹೆಸರು ಹೇಳಿ.

ಪ್ರಶ್ನೆ: ಇಂಜೆಕ್ಷನ್ ಮುಂಚೆ ಟಿಬಿ ಟೆಸ್ಟ್ ಯಾಕೆ? ನಮಗೆ ಕೆಮ್ಮೇ ಇಲ್ಲ.

ನಮ್ಮ ದೇಶದಲ್ಲಿ ಬಹಳ ಜನರ ಮೈಯಲ್ಲಿ ಟಿಬಿ ಬ್ಯಾಕ್ಟೀರಿಯಾ ಮಲಗಿರತ್ತೆ. ಮ್ಯಾಕ್ರೊಫೇಜ್‌ಗಳು ಸುತ್ತ ಗೋಡೆ ಕಟ್ಟಿ ಅದನ್ನ ಬಂಧಿಸಿಟ್ಟಿರ್ತವೆ, ಆ ಗೋಡೆಯ ಗಾರೆ ಟಿಎನ್‌ಎಫ್. ಔಷಧಿ ಟಿಎನ್‌ಎಫ್ ತಡೆದಾಗ ಗೋಡೆ ಬಿರುಕು ಬಿಡತ್ತೆ. 2001ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡ 70 ಜನಕ್ಕೆ ಟಿಬಿ ಬಂದ ವರದಿ ಬಂತು, ಅರ್ಧಕ್ಕಿಂತ ಹೆಚ್ಚು ಜನಕ್ಕೆ ಶ್ವಾಸಕೋಶದ ಹೊರಗೆ. ಅಲ್ಲಿಂದ ಮಾಂಟೂ ಅಥವಾ ರಕ್ತದ ಇಗ್ರಾ ಟೆಸ್ಟು, ಎದೆ ಎಕ್ಸ್‌ರೇ ಕಡ್ಡಾಯದ ಹಾಗೆ ಆಯ್ತು. ಪಾಸಿಟಿವ್ ಬಂದ್ರೆ ಮೊದಲು ಟಿಬಿ ತಡೆಯೋ ಮಾತ್ರೆ ಶುರು ಮಾಡಿ ಆಮೇಲೆ ಇಂಜೆಕ್ಷನ್. ರಿಟುಕ್ಸಿಮ್ಯಾಬಿಗೆ ಮುಂಚೆ ಹೆಪಟೈಟಿಸ್ ಬಿ ಟೆಸ್ಟಂತೂ ತಪ್ಪಿಸಲೇಬಾರದು.

ಪ್ರಶ್ನೆ: ಟೊಫಾಸಿಟಿನಿಬ್ ಮಾತ್ರೆ ಹೇಗೆ? ಇಂಜೆಕ್ಷನ್ ಬೇಡ ಅಂತ ಅದನ್ನ ಬರ್ಕೊಟ್ಟಿದಾರೆ.

ಸೈಟೋಕೈನ್ ಕೋಶದ ಬಾಗಿಲು ತಟ್ಟಿದಾಗ ಒಳಗೆ ಸುದ್ದಿ ಮುಟ್ಟಿಸೋದು ಜಾಕ್ ಅನ್ನೋ ಎನ್‌ಜೈಮ್‌ಗಳು, ಒಟ್ಟು ನಾಲ್ಕಿವೆ. ಈ ಮಾತ್ರೆ ಆ ಸುದ್ದಿಗಾರನನ್ನ ತಡೆಯತ್ತೆ, ಹಂಗಾಗಿ ಒಂದೇ ಸಲ ಹಲವು ಸೈಟೋಕೈನ್‌ಗಳ ಮಾತು ನಿಲ್ಲತ್ತೆ. ಭಾರತದಲ್ಲಿ ಜೆನೆರಿಕ್ ಸಿಗೋದ್ರಿಂದ ಬಹಳ ಜನಕ್ಕೆ ಕೈಗೆಟುಕತ್ತೆ. ಆದ್ರೆ 50 ದಾಟಿದ, ಹೃದಯದ ಅಪಾಯ ಇರೋರಲ್ಲಿ ಟಿಎನ್‌ಎಫ್ ಔಷಧಿ ಜತೆ ಹೋಲಿಸಿ ನೋಡಿದಾಗ ಹೃದಯಾಘಾತ, ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡು 2021ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹಾಕ್ತು. ಸರ್ಪಸುತ್ತು ಬರೋದೂ ಜಾಸ್ತಿ. ಸಿಗರೇಟು, ಬಿಪಿ, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, ಎಲ್ಲ ಡಾಕ್ಟ್ರಿಗೆ ಹೇಳಿ.

ಪ್ರಶ್ನೆ: ಪಕ್ಕದ ಮನೆಯವರಿಗೆ ವಾಸಿಯಾದ ಇಂಜೆಕ್ಷನ್ ನನಗೆ ಯಾಕೆ ಕೆಲಸ ಮಾಡ್ಲಿಲ್ಲ?

ಹೆಸರು ಒಂದೇ, ಕೀಲೊಳಗಿನ ಕೋಶಗಳ ಮಿಶ್ರಣ ಬೇರೆ. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆರ್‌ಎ ಇರೋರ ಕೀಲಿನ ಚೂರು ತೆಗೆದು ಒಂದೊಂದೇ ಕೋಶ ನೋಡಿ ಆರು ಬಗೆ ಗುರುತಿಸಿದ್ರು, ಕೆಲವರಲ್ಲಿ ಟಿ ಮತ್ತು ಬಿ ಕೋಶದ ರಾಶಿ, ಕೆಲವರಲ್ಲಿ ಮ್ಯಾಕ್ರೊಫೇಜ್ ಥರದವು, ಕೆಲವರಲ್ಲಿ ಬರೀ ಫೈಬ್ರೊಬ್ಲಾಸ್ಟ್. ಅದಕ್ಕೆ ಮುಂಚೆ 2021ರಲ್ಲಿ ಲಂಡನ್ನಿನ ಕೊಸ್ಟಾಂಟಿನೊ ಪಿಟ್ಜಾಲಿಸ್ ತಂಡ ಬಯಾಪ್ಸಿ ಮಾಡಿ ಔಷಧಿ ಆರಿಸೋ ಟ್ರಯಲ್ ಮಾಡ್ತು. ಸದ್ಯಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಹೀಗೆ ಆರಿಸೋದು ವಾಡಿಕೆ ಅಲ್ಲ, ಒಂದು ಕೊಟ್ಟು ಮೂರ್ನಾಲ್ಕು ತಿಂಗಳು ನೋಡಿ ಇನ್ನೊಂದು. ಅಮ್ಮನಿಗೆ ಮೂರನೇದು ಹಿಡೀತು. ಮೊದಲೆರಡು ಸೋತಿದ್ದಕ್ಕೆ ಅವಳು ತಪ್ಪೆಲ್ಲ ತನ್ನದೇ ಅಂದ್ಕೊಂಡಿದ್ಲು.

ಪ್ರಶ್ನೆ: ನೋವೇ ಇಲ್ಲ ಈಗ. ಔಷಧಿ ನಿಲ್ಲಿಸಬಹುದಾ?

ನೋವು ಹೋಗಿದೆ ಅಂದ್ರೆ ಕೋಶಗಳು ಶಾಂತವಾಗಿವೆ ಅಂತ, ನೆನಪು ಮರೆತಿವೆ ಅಂತಲ್ಲ. ಟಿ, ಬಿ ಕೋಶಗಳಲ್ಲಿ ನೆನಪಿನ ಕೋಶ ಅಂತಲೇ ಒಂದು ಬಗೆ ಇದೆ, ಲಸಿಕೆ ಕೆಲಸ ಮಾಡೋದು ಅದರಿಂದಲೇ, ಇಲ್ಲಿ ಅದೇ ಗುಣ ನಮಗೆ ತೊಂದರೆ. 2020ರಲ್ಲಿ ಇನ್ನೊಂದು ಗೊತ್ತಾಯ್ತು, ರೋಗ ಶಾಂತವಾಗಿರೋರ ಕೀಲಿನಲ್ಲಿ ಗಾಯ ಮಾಯಿಸೋ ಗುಣದ ಒಂದು ಜಾತಿ ಮ್ಯಾಕ್ರೊಫೇಜ್ ಇರತ್ತೆ, ಅದು ಕಮ್ಮಿ ಇದ್ದೋರಿಗೆ ಔಷಧಿ ಇಳಿಸಿದ ಮೇಲೆ ರೋಗ ಮರಳೋ ಸಾಧ್ಯತೆ ಹೆಚ್ಚು. ಒಂದು ವರ್ಷ ಅಮ್ಮ ಹಬ್ಬದ ಓಡಾಟದಲ್ಲಿ, ಆರಾಮಾಗೇ ಇದೀನಲ್ಲ ಅಂತ ನಮಗೆ ಹೇಳದೆ ಎರಡು ತಿಂಗಳು ಬಿಟ್ಟಿದ್ಲು, ಮೂರನೇ ತಿಂಗಳು ಮಣಿಕಟ್ಟು ಊದಿ ಜಡೆ ಹಾಕ್ಕೊಳ್ಳಕ್ಕಾಗದ ಸ್ಥಿತಿ, ಮತ್ತೆ ಹಳೇ ಹಂತಕ್ಕೆ ಬರೋಕೆ ಏಳು ತಿಂಗಳು ಹಿಡೀತು. ಡಾಕ್ಟ್ರು ನೋಡಿ ನಿಧಾನಕ್ಕೆ ಡೋಸ್ ಇಳಿಸೋದು ಇದೆ, ಅದು ಬೇರೆ.

ಪ್ರಶ್ನೆ: ಮದುವೆ ಆಗ್ಬೇಕಿರೋ ಹುಡುಗಿ. ಮಕ್ಕಳಾಗತ್ತಾ?

ಆಗತ್ತೆ. ಮೊದಲೇ ಪ್ಲಾನ್ ಮಾಡ್ಬೇಕು ಅಷ್ಟೇ. ಮೆಥೋಟ್ರೆಕ್ಸೇಟ್, ಲೆಫ್ಲುನೊಮೈಡ್ ಬಸಿರಿಗೆ ಮುಂಚೆಯೇ ನಿಲ್ಲಿಸಬೇಕು, ಎಷ್ಟು ಮುಂಚೆ ಅಂತ ಡಾಕ್ಟ್ರು ಹೇಳ್ತಾರೆ. ಎಚ್‌ಸಿಕ್ಯೂ, ಸಲ್ಫಾಸಲಜಿನ್ ಸಾಮಾನ್ಯವಾಗಿ ಮುಂದುವರಿಸಬಹುದು. ಮಗುವನ್ನ ಹೊರದಬ್ಬದ ಹಾಗೆ ತಾಯಿಯ ರಕ್ಷಣಾ ಕೋಶಗಳೇ ಮೆತ್ತಗಾಗೋದ್ರಿಂದ ಬಸಿರಲ್ಲಿ ಎಷ್ಟೋ ಜನಕ್ಕೆ ನೋವು ಕಮ್ಮಿ ಆಗತ್ತೆ, ಹೆರಿಗೆ ಆದ ಮೇಲಿನ ತಿಂಗಳುಗಳಲ್ಲಿ ಮತ್ತೆ ಏಳತ್ತೆ. ಬಾಣಂತಿ ಕೈಯಲ್ಲಿ ಮಗು ಎತ್ತಕ್ಕಾಗ್ತಿಲ್ಲ ಅಂದ್ರೆ ಅದನ್ನ "ಬಾಣಂತಿ ವಾಯು" ಅಂತ ತಳ್ಳಿಹಾಕಬೇಡಿ.

ಪ್ರಶ್ನೆ: ಬದನೆಕಾಯಿ, ಆಲೂಗಡ್ಡೆ, ಹುಳಿ ಬಿಡಬೇಕಾ? ನಂಜು, ವಾಯು ಅಂತಾರೆ.

ಬದನೆಕಾಯಿ ಬಿಟ್ರೆ ಟಿ ಕೋಶ ಸುಮ್ಮನಾಗತ್ತೆ ಅನ್ನೋಕೆ ಪುರಾವೆ ಇಲ್ಲ. ನಿಮಗೆ ಒಂದು ಪದಾರ್ಥ ತಿಂದಾಗಲೆಲ್ಲ ಜಾಸ್ತಿ ಅನ್ಸಿದ್ರೆ ಬಿಡಿ, ತೊಂದರೆಯಿಲ್ಲ, ಆದ್ರೆ ಬೇಳೆ, ಮೊಸರು, ಸೊಪ್ಪು ಎಲ್ಲ ಬಿಟ್ಟು ಬರೀ ಗಂಜಿ ಕುಡಿದು ಸೊರಗಬೇಡಿ. ಬಿಡಲೇಬೇಕಾದ್ದು ಬೀಡಿ, ಸಿಗರೇಟು. ಒಸಡಲ್ಲಿ ರಕ್ತ ಬರ್ತಿದ್ರೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ.

ಪ್ರಶ್ನೆ: ಲಸಿಕೆ ಹಾಕಿಸ್ಕೋಬಹುದಾ?

ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸ್ಕೋಬೇಕು. ಜೀವಂತ ವೈರಸ್ ಇರೋ ಲಸಿಕೆಗಳು ಬಯೋಲಾಜಿಕ್, ಜಾಕ್ ಮಾತ್ರೆ ತಗೊಳ್ಳೋವಾಗ ಬೇಡ. ರಿಟುಕ್ಸಿಮ್ಯಾಬ್ ತಗೊಳ್ಳೋದಿದ್ರೆ ಅದಕ್ಕೆ ಮುಂಚೆಯೇ ಲಸಿಕೆ ಮುಗಿಸಿ, ಬಿ ಕೋಶ ಖಾಲಿ ಇದ್ದಾಗ ಲಸಿಕೆಗೆ ಆಂಟಿಬಾಡಿ ಮಾಡೋರೇ ಇರಲ್ಲ.

ಪ್ರಶ್ನೆ: ಪೂರ್ತಿ ವಾಸಿ ಆಗೋ ದಿನ ಬರತ್ತಾ?

ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗೆಯೋರ್ಗ್ ಶೆಟ್ ತಂಡ ಲೂಪಸ್ ಅನ್ನೋ ಇದರ ಅಕ್ಕತಂಗಿ ರೋಗ ಇದ್ದ ಐದು ಜನರಿಗೆ ಅವರದೇ ಟಿ ಕೋಶ ತೆಗೆದು, ಬಿ ಕೋಶ ಹುಡುಕಿ ಕೊಲ್ಲೋ ಹಾಗೆ ಮಾರ್ಪಡಿಸಿ ವಾಪಸ್ ಕೊಟ್ರು, 2022ರ ವರದಿ ಪ್ರಕಾರ ಐದೂ ಜನರ ರೋಗ ಶಾಂತವಾಯ್ತು, ಹಳೇ ಔಷಧಿ ನಿಂತ್ವು. ಹೊಸ ಬಿ ಕೋಶಗಳು ಮತ್ತೆ ಹುಟ್ಟಿದ್ವು, ಆದ್ರೆ ಹಳೇ ದ್ವೇಷ ಇಲ್ಲದೆ. ಆರ್‌ಎಯಲ್ಲಿ ಇದು ಇನ್ನೂ ಬೆರಳೆಣಿಕೆ ಜನರ ಮೇಲಿನ ಪ್ರಯೋಗ ಅಷ್ಟೇ.

ಪ್ರಶ್ನೆ: ಅಮ್ಮನಿಗಿದೆ, ನನಗೂ ಬರತ್ತಾ?

ಇದು ನನ್ನದೇ ಪ್ರಶ್ನೆ. ಹತ್ತಿರದ ರಕ್ತಸಂಬಂಧಿಗಳಿಗೆ ಅಪಾಯ ಸುಮಾರು ಮೂರು ಪಟ್ಟು, ಆದರೂ ಒಂದೇ ಜೀನ್ ಇರೋ ಅವಳಿಗಳಲ್ಲಿ ಒಬ್ಬರಿಗೆ ಇದ್ದಾಗ ಇನ್ನೊಬ್ಬರಿಗೆ ಬರೋದು ನೂರಕ್ಕೆ ಹದಿನೈದರಷ್ಟು ಮಾತ್ರ. ಇನ್ನೊಂದು ಆಶಾದಾಯಕ ಸುದ್ದಿ, ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಲ್ಲಿ ಆಂಟಿಬಾಡಿ ಇದ್ದು ಕೀಲು ನೋವು ಮಾತ್ರ ಇದ್ದ, ಊತ ಇನ್ನೂ ಬರದ 213 ಜನಕ್ಕೆ ಒಂದು ವರ್ಷ ಅಬಟಾಸೆಪ್ಟ್ ಅಥವಾ ಬರೀ ಹೆಸರಿಗೆ ಇಂಜೆಕ್ಷನ್ ಕೊಟ್ಟು 2024ರಲ್ಲಿ ಫಲಿತಾಂಶ ಹೇಳಿದ್ರು. ಆ ವರ್ಷ ಔಷಧಿ ತಗೊಂಡೋರಲ್ಲಿ ಶೇಕಡ 6 ಜನಕ್ಕೆ ಆರ್‌ಎ ಬಂತು, ತಗೊಳ್ಳದೋರಲ್ಲಿ ಶೇಕಡ 29. ನಿಲ್ಲಿಸಿದ ಮೇಲೆ ಅಂತರ ಕಮ್ಮಿ ಆಗ್ತಾ ಬಂತು, ಆದರೂ ರೋಗ ಬರೋಕೆ ಮುಂಚೆಯೇ ಟಿ ಕೋಶವನ್ನ ತಡೆದು ನಿಲ್ಲಿಸಬಹುದು ಅನ್ನೋದು ಕಾಣಿಸ್ತು.

ಏನೂ ತೊಂದರೆ ಇಲ್ಲದೆ ಸುಮ್ಮನೆ ಆಂಟಿ ಸಿಸಿಪಿ ಮಾಡಿಸೋದು ಬೇಡ ಅಂತ ನಮ್ಮ ಡಾಕ್ಟ್ರು ಹೇಳಿದ್ರು, ನಾನೂ ಮಾಡಿಸಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಎರಡೂ ಕೈ ಮುಷ್ಟಿ ಕಟ್ಟಿ ನೋಡ್ಕೋತೀನಿ. ಒಂದು ದಿನ ಬಿಗಿ ಅನ್ಸಿ, ಅದು ವಾರ ಎರಡು ವಾರ ಹಾಗೇ ಉಳಿದ್ರೆ, ಅಮ್ಮನ ಥರ ಒಂದೂವರೆ ವರ್ಷ ಕಾಯಲ್ಲ, ಅವಳ ಜತೆಗೇ ಅದೇ ಓಪಿಡಿ ಬೆಂಚಲ್ಲಿ ನನ್ನ ಹೆಸರಿನ ಚೀಟಿ ಹಿಡ್ಕೊಂಡು ಕೂರ್ತೀನಿ.